ಕೋವಿಯ ಕುದುರೆ

ಆ ಪೆಟ್ಟಿಗೆಯಲ್ಲಿ ಇದ್ದದ್ದು ದೇವರ ಕುದುರೆಯಲ್ಲ, ನನ್ನ ಕೋವಿಯ ಕುದುರೆ. ತರಿಸಿದವನು ನಾನು. ಒಳಗೇನಿದೆ ಎಂದು ಈ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೆ ಅದಕ್ಕಾಗಿ ಬಂದರಿನ ಒಂದು ಕೋಣೆಯಲ್ಲಿ ಕೂತು ಉತ್ತರ ಕೊಟ್ಟವರು, ಕೆಲಸ ಕಳೆದುಕೊಂಡವರು, ನಮ್ಮ ಕಟ್ಟಡದ ಸೆಲ್ವಂ. ಇಂದಿಗೂ ಅವರಿಗೆ ನಿಜ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವನೂ ನಾನೇ.

ಇದನ್ನು ಬರೆಯಲು ಕೂತಾಗಿನಿಂದ ಎದ್ದು ಎದ್ದು ಓಡಾಡುತ್ತಿದ್ದೇನೆ. ಒಂದು ವಾಕ್ಯ, ಒಂದು ಲೋಟ ನೀರು, ಮತ್ತೆ ಬಾಲ್ಕನಿ... ಹುಟ್ಟಿದ್ದೇ ಹೀಗೆ, ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಅಮ್ಮ ನನ್ನನ್ನು ಕಾಲು ಸುಟ್ಟ ಬೆಕ್ಕು ಎನ್ನುತ್ತಿದ್ದಳು. ಅಂಥವನನ್ನು ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಫ್ಲ್ಯಾಟಿನಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರೆ — ಬೇಡ, ಹೀಗೆ ಶುರು ಮಾಡಿದರೆ ಅದು ನೆಪವಾಗುತ್ತದೆ. ಆ ಕೊರೋನಾ ಕಾಲದಲ್ಲಿ ಎಲ್ಲರನ್ನೂ ಕೂಡಿಹಾಕಿದ್ದರು. ಎಲ್ಲರೂ ಕೋವಿ ಮಾಡಲು ಹೊರಡಲಿಲ್ಲ.

ನಾವು ಮಡಿಕೇರಿ ಕಡೆಯ ಗೌಡರು. ನಮ್ಮಲ್ಲಿ ಮನೆಗೊಂದು ಕೋವಿ ಇರುವುದು ಅಡುಗೆಮನೆಯಲ್ಲಿ ಒಲೆ ಇದ್ದಷ್ಟೇ ಸಹಜ. ಕೈಲು ಮುಹೂರ್ತ ಎಂಬ ಆಯುಧಪೂಜೆಯ ಹಬ್ಬದ ದಿನ ಅದನ್ನು ದೇವರ ಮುಂದಿಟ್ಟು, ಹೂವಿಟ್ಟು, ಪೂಜೆ ಮಾಡುತ್ತಾರೆ. ಊಟವಾದ ಮೇಲೆ ಗಂಡಸರೆಲ್ಲ ಸೇರಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿಯಿಟ್ಟು ಹೊಡೆಯುತ್ತಾರೆ. ನನ್ನ ಗುಂಡು ಒಂದು ವರ್ಷವೂ ಕಾಯಿಗೆ ತಾಗಿದ್ದಿಲ್ಲ. ಕೆಲಸಕ್ಕೆಂದು ಮಲೇಷ್ಯಾಕ್ಕೆ ಬಂದ ಮೇಲೆ ಆ ಅವಮಾನ ಮರೆತೇಹೋಗಿತ್ತು. ವಿಮಾನಗಳು ನಿಂತುಹೋದ ಆ ವರ್ಷದ ಹಬ್ಬಕ್ಕೆ ಅಣ್ಣ ವಿಡಿಯೋ ಕರೆ ಮಾಡಿ, ಹೂವಿಟ್ಟ ಕೋವಿಯನ್ನು ತೋರಿಸಿ, ಎಲ್ಲರಿಗೂ ಕೇಳುವಂತೆ, "ನೀನು ಅಲ್ಲೇ ಒಂದು ಸೌಟು ಇಟ್ಟು ಪೂಜೆ ಮಾಡು ಮಾರಾಯ, ಅದಾದ್ರೆ ಗುರಿ ತಪ್ಪುದಿಲ್ಲ" ಎಂದ. ಆ ಕಡೆ ಮನೆಯವರೆಲ್ಲ ನಕ್ಕರು. ಈ ಕಡೆ ನನ್ನ ಹೆಂಡತಿ ಸುಮನಳೂ ನಕ್ಕಳು. ನಾನೂ ನಕ್ಕೆ.

ಮರುದಿನದಿಂದಲೇ ತಲೆಗೆ ಹುಳ ಹೊಕ್ಕಿತು. ನಾನೇ ಒಂದು ಕೋವಿ ಮಾಡುತ್ತೇನೆ. ಕೊಳ್ಳುವುದಲ್ಲ, ನನ್ನ ಕೈಯಾರೆ ಮಾಡುತ್ತೇನೆ. ಮುಂದಿನ ಹಬ್ಬಕ್ಕೆ ವಿಡಿಯೋದಲ್ಲಿ ಅಣ್ಣನ ಮೂಗಿನ ಮುಂದೆ ಹಿಡಿಯುತ್ತೇನೆ.

ಮದ್ದುಗುಂಡಿನ ಕೋವಿಯಲ್ಲ, ಗಾಳಿಕೋವಿ. ಗಾಳಿ ತಾನೇ, ಯಾರಿಗೇನು ತೊಂದರೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ದೇಶದ ಕಾನೂನು ಹಾಗೆ ಹೇಳುವುದಿಲ್ಲ. ಪರವಾನಗಿಯಿಲ್ಲದೆ ಗಾಳಿಕೋವಿಯನ್ನೂ ಇಟ್ಟುಕೊಳ್ಳುವಂತಿಲ್ಲ, ಅದರ ಬಿಡಿಭಾಗ ತರಿಸುವಂತಿಲ್ಲ, ಸಿಕ್ಕಿಬಿದ್ದರೆ ಜೈಲು. ಇದನ್ನು ನಾನು ಓದಿದ್ದೆ. ಓದಿ, ಆ ಪುಟ ಮುಚ್ಚಿ, ಮರದ ಹಲಗೆಗಳ ಚಿತ್ರ ನೋಡತೊಡಗಿದ್ದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಕೋವಿಯಲ್ಲಿ ಅಗ್ಗದ್ದು ಎಂಬ ಒಂದು ತಿರುಪೂ ಇರಬಾರದು ಎಂದು ಅಪ್ಪ ಹೇಳುತ್ತಿದ್ದರು. ಅವರು ಹೇಳಿದ ಬೇರೆ ಯಾವ ಮಾತನ್ನೂ ಪಾಲಿಸದ ನಾನು ಇದೊಂದನ್ನು ವ್ರತದಂತೆ ಹಿಡಿದೆ. ಹಿಡಿಗೆ ಮರ ಬೇಕಿತ್ತು. ಬಾಗಿಲು ಮುಚ್ಚಲು ಹೊರಟಿದ್ದ ಒಂದು ಪೀಠೋಪಕರಣದ ಅಂಗಡಿಗೆ ಹೋಗಿ, ಅವರು ತೋರಿಸಿದ ಹಲಗೆಗಳನ್ನೆಲ್ಲ ಬೆರಳಿನಿಂದ ತಟ್ಟಿ, ಕರವಸ್ತ್ರ ಒದ್ದೆ ಮಾಡಿ ಒರೆಸಿ, ನೀರು ಬಿದ್ದಾಗ ಎಳೆ ನೇರವಾಗಿ ಕಾಣುವ ಒಂದನ್ನು ಆರಿಸಿದೆ. ನ್ಯಾತೋ ಎಂಬ ಕೆಂಪು ಮರ. ಅಂಗಡಿಯ ಚೀನೀ ಮುದುಕ, "ಬಾಸ್, ಯು ಮೇಕಿಂಗ್ ಟೇಬಲ್ ಆರ್ ಮ್ಯಾರಿಯಿಂಗ್ ದ ವುಡ್, ಲಾ?" ಎಂದು ರೇಗಿಸಿದ. ಗುರಿ ನೋಡುವ ಮೊನೆಯನ್ನು ಎರಡು ಸಲ ತರಿಸಿ ಎರಡು ಸಲವೂ ಹಿಂದಕ್ಕೆ ಕಳಿಸಿದೆ, ಕೂದಲೆಳೆಯಷ್ಟು ಓರೆ ಇತ್ತೆಂದು. ಆಫೀಸಿನ ಆನ್‌ಲೈನ್ ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಆರಿಸಿಟ್ಟು, ಬಾಲ್ಕನಿಯಲ್ಲಿ ಕೂತು ಹಿಡಿಯನ್ನು ಉಜ್ಜುತ್ತಿದ್ದೆ.

"ಏನ್ರೀ ಇದು, ಒಣಗಾಕಿರೋ ಬಟ್ಟೆ ಮೇಲೆಲ್ಲಾ ಮರದ ಹೊಟ್ಟು!" ಎಂದು ಸುಮನ ಕೂಗಾಡುತ್ತಿದ್ದಳು. ಮೈಸೂರಿನವಳಿಗೆ ಕೋವಿಯೆಂದರೆ ದಸರಾ ಮೆರವಣಿಗೆಯಲ್ಲಿ ಪೊಲೀಸರ ಹೆಗಲ ಮೇಲೆ ಕಾಣುವ ವಸ್ತು, ಅಷ್ಟೇ. ಅಲಂಕಾರಕ್ಕೆ, ಗೋಡೆಗೆ ತೂಗುಹಾಕಲು, ಬರೀ ಮರದ್ದು ಎಂದು ಅವಳಿಗೆ ಹೇಳಿದ್ದೆ. ಮಗಳು ಆನ್ವಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. "ಅಪ್ಪಾ, ಈಸ್ ದಟ್ ಅ ಕ್ರಿಕೆಟ್ ಬ್ಯಾಟ್?" ಎಂದು ಕೇಳಿದಳು. "ಹೂಂ" ಎಂದೆ. ಯಾರಾದರೂ ತಪ್ಪು ತಿಳಿದುಕೊಂಡರೆ ತಿದ್ದದೆ ಹೂಂ ಎನ್ನುವುದು ಎಷ್ಟು ಸುಲಭ ಎಂದು ನನಗೆ ಆಗಲೇ ರೂಢಿಯಾಗಿತ್ತು.

ಸಿಕ್ಕದೆ ಸತಾಯಿಸಿದ್ದು ಕುದುರೆ. ಕೋವಿಯ ಅಡಿಯಲ್ಲಿ ಬೆರಳಿಟ್ಟು ಎಳೆಯುವ ಕೊಂಡಿಗೆ ನಮ್ಮ ಕಡೆ ಕುದುರೆ ಎನ್ನುತ್ತಾರೆ. ಕೋವಿಯ ಜೀವ ಇರುವುದೇ ಅದರಲ್ಲಿ. ಕೆಟ್ಟ ಕುದುರೆ ಜಗ್ಗುತ್ತದೆ, ಗುರಿ ಕದಲುತ್ತದೆ. ನನ್ನ ಗುಂಡುಗಳೆಲ್ಲ ಕಾಯಿ ಬಿಟ್ಟು ಆಕಾಶಕ್ಕೆ ಹೋದದ್ದು ಮನೆಯ ಕೋವಿಯ ಕುದುರೆ ಜಗ್ಗುತ್ತಿದ್ದುದರಿಂದಲೇ, ನನ್ನ ಕೈಯಿಂದಲ್ಲ ಎಂದು ನಾನು ನಂಬಿದ್ದೆ. ಹೀಗೆ ನಂಬಿದವನಿಗೆ ಒಳ್ಳೆಯ ಕುದುರೆ ಎಷ್ಟು ಮುಖ್ಯ ಎಂದು ನೀವೇ ಊಹಿಸಿ. ಇಂಥ ವಸ್ತುಗಳನ್ನು ತರಕಾರಿ ಕೊಂಡಂತೆ ಕೊಳ್ಳಬಹುದಾದ ಒಂದು ದೇಶದಲ್ಲಿ ನನ್ನ ಸೋದರಮಾವನ ಮಗ ಪ್ರವೀಣ ಇದ್ದ. ಅವನನ್ನು ಕಾಡಿ ಬೇಡಿ ಒಪ್ಪಿಸಿದೆ. ಕುದುರೆ, ಉಕ್ಕಿನ ನಳಿಗೆ, ಇನ್ನಷ್ಟು ಚಿಲ್ಲರೆ. ಇಲ್ಲಿಗೆ ಬಂದ ಮೇಲೆ ಹೇಗೆ ಬಿಡಿಸಿಕೊಳ್ಳುವುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಅಥವಾ — ಯೋಚಿಸಲು ಧೈರ್ಯವಿರಲಿಲ್ಲ.

ಈಗ ಸೆಲ್ವಂ ಬಗ್ಗೆ ಹೇಳಬೇಕು. ಇಲ್ಲಿಯೇ ನನ್ನ ಕೈ ನಿಲ್ಲುತ್ತದೆ.

ಅವರು ನಮ್ಮ ಮೇಲಿನ ಮಹಡಿಯವರು, ಇಲ್ಲಿಯೇ ಹುಟ್ಟಿ ಬೆಳೆದ ತಮಿಳರು. ಕ್ಲಾಂಗ್ ಬಂದರಿನಲ್ಲಿ ಸರಕು ಬಿಡಿಸಿಕೊಡುವ ಒಂದು ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ನನ್ನನ್ನು ಸಾರ್ ಎನ್ನುತ್ತಿದ್ದರು. ನಮ್ಮ ಮೂವರಿಗೂ ಕೊರೋನಾ ಬಂದು ಬಾಗಿಲು ಹಾಕಿಕೊಂಡು ಬಿದ್ದಿದ್ದಾಗ, ದಿನವೂ ಕೆಳಗಿನ ಮಾಮಕ್ ಅಂಗಡಿಯಿಂದ ಊಟ ತಪಾವ್ ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿ, ತಂದು, ನಮ್ಮ ಕಬ್ಬಿಣದ ಬಾಗಿಲಿಗೆ ಪೊಟ್ಟಣ ತೂಗುಹಾಕಿ, "ಮಕಾನ್ ಸಾರ್, ಮಕಾನ್!" ಎಂದು ಕೂಗಿ ಹೋಗುತ್ತಿದ್ದರು. ಊಟ, ಊಟ ಎಂದು. ಸುಮನ ಇಂದಿಗೂ ಆ ದನಿಯನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾಳೆ.

ಹಳೆಯ ರಬ್ಬರ್ ತೋಟವೊಂದು ಇದ್ದ ಜಾಗದಲ್ಲಿ, ಈಗ ಹೆದ್ದಾರಿಯ ಪಕ್ಕದಲ್ಲಿ, ಮುನೀಶ್ವರನ ಒಂದು ಸಣ್ಣ ಗುಡಿ ಇದೆ. ಸೆಲ್ವಂ ಅವರ ತಾತ ತೋಟದ ಕೂಲಿಯಾಗಿದ್ದಾಗ ಕಟ್ಟಿದ್ದಂತೆ. ಗುಡಿಯ ಮುಂದೆ ದೇವರು ಸವಾರಿ ಹೋಗುವ ಒಂದು ಸಿಮೆಂಟಿನ ಕುದುರೆ ಇತ್ತು. ಗುಡಿ ಮುಚ್ಚಿದ್ದ ಮೊದಲ ತಿಂಗಳುಗಳಲ್ಲಿ ಮರದ ಕೊಂಬೆ ಮುರಿದುಬಿದ್ದು ಆ ಕುದುರೆ ನುಚ್ಚುನೂರಾಗಿತ್ತು. ಮನೆಬಿಟ್ಟು ಹೊರಡಬಾರದು ಎಂಬ ಸರ್ಕಾರದ ಆಜ್ಞೆಯನ್ನು ಇಲ್ಲಿ ಎಲ್ಲರೂ ಎಂಸಿಓ ಎನ್ನುತ್ತಿದ್ದರು. "ಸಾಮಿಕ್ಕುಂ ಎಂಸಿಓ ದಾನ್ ಸಾರ್, ಎಂಗೆಯುಂ ಪೋಗ ಮುಡಿಯಾದು ಲಾ" ಎಂದು ಸೆಲ್ವಂ ನಕ್ಕಿದ್ದರು. ದೇವರಿಗೂ ಎಲ್ಲಿಗೂ ಹೋಗುವ ಹಾಗಿಲ್ಲ. ನಗುತ್ತಲೇ ಇದ್ದರೂ ಕಣ್ಣು ತುಂಬಿತ್ತು.

ಒಂದು ಬೆಳಗ್ಗೆ ಲಿಫ್ಟಿನ ಮುಂದೆ ನಿಂತು ಪ್ರವೀಣನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಬಾಯಿಗೆ ಮಾಸ್ಕು ಇದ್ದುದರಿಂದ ಜೋರಾಗಿಯೇ ಮಾತಾಡಬೇಕಿತ್ತು. "ಕೋವಿ ಕುದುರೆ ಒಳ್ಳೇದೇ ನೋಡಿ ಕಳ್ಸು ಮಾರಾಯ. ಕೋವಿ ಸಾಮಾನು ಅಂದ್ರೆ ಅಗ್ಗದ್ದು ಬೇಡ. ಕ್ಲಾಂಗ್ ಬಂದರಿಗೆ ಹಾಕು." ಫೋನ್ ಇಟ್ಟು ತಿರುಗಿದರೆ ಹಿಂದೆ ಸೆಲ್ವಂ. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಮಾಸ್ಕಿನ ಮೇಲೆ ಕಾಣುತ್ತಿದ್ದ ಅವರ ಕಣ್ಣುಗಳು ದೀಪ ಹಚ್ಚಿದಂತೆ ಹೊಳೆಯುತ್ತಿದ್ದವು.

"ಸಾರ್... ಕೋವಿಲ್ ಕುದಿರೈಯಾ? ನಮ್ಮ ಮುನೀಶ್ವರನುಕ್ಕಾ?"

ಕೋವಿಲ್ ಎಂದರೆ ತಮಿಳಿನಲ್ಲಿ ದೇವಸ್ಥಾನ. ನನ್ನ ಕೋವಿ ಅವರ ಕಿವಿಯಲ್ಲಿ ಕೋವಿಲ್ ಆಗಿತ್ತು. ಕುದುರೆ ಕುದಿರೈ ಆಗಿತ್ತು. ತಾನು ತಂದುಕೊಟ್ಟ ಊಟದ ಋಣಕ್ಕೆ ಈ ಕನ್ನಡದ ಮನುಷ್ಯ ಗುಟ್ಟಾಗಿ ಗುಡಿಗೆ ಕುದುರೆ ತರಿಸುತ್ತಿದ್ದಾನೆ ಎಂದು ಅವರು ತಿಳಿದಿದ್ದರು.

ಆಗ ನಾನು ನಗಬಹುದಿತ್ತು. ಅಯ್ಯೋ ಸೆಲ್ವಂ, ಅದು ಬೇರೆ ಕುದುರೆ, ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾವ ಕುದುರೆ ಎಂದು ಕೇಳುತ್ತಿದ್ದರು, ಅಷ್ಟೇ. ಆ ಒಂದು ಪ್ರಶ್ನೆಗೆ ಹೆದರಿ...

"ಆಮಾ ಸೆಲ್ವಂ," ಎಂದೆ. ಹೌದು ಎಂದೆ.

ಅವರು ಕೈಮುಗಿದೇಬಿಟ್ಟರು. ಸಾಮಾನು ಬಂದರೆ ತಾನೇ ಬಿಡಿಸುತ್ತೇನೆ, ಗುಡಿಯ ಹೆಸರಿಗೇ ತರಿಸಿ, ಜೊತೆಗೆ ತನ್ನ ಹೆಸರೂ ಇರಲಿ, ದೇವರ ಸಾಮಾನು ಎಂದರೆ ಬಂದರಿನಲ್ಲಿ ಎಲ್ಲರೂ ತನ್ನ ಮಾತು ನಂಬುತ್ತಾರೆ ಎಂದರು. ನನಗೆ ಬೇಕಾಗಿದ್ದ ಬಾಗಿಲು ತಾನಾಗಿ ತೆರೆದಿತ್ತು. ನಾನು ಅದನ್ನು ತಳ್ಳಲೂ ಇಲ್ಲ, ಸುಮ್ಮನೆ ಒಳಗೆ ನಡೆದೆ. ಅಷ್ಟೇ ಅಲ್ಲ, ಇನ್ನೊಂದು ಮಾತು ಸೇರಿಸಿದೆ. "ನನ್ನ ಹೆಸರು ಮಾತ್ರ ಎಲ್ಲೂ ಬೇಡ ಸೆಲ್ವಂ. ಯಾರಿಗೂ ಹೇಳಬೇಡಿ." ಹರಕೆಯ ಕಾಣಿಕೆಗೆ ಹೆಸರು ಹೇಳಬಾರದು ಎಂಬ ನೇಮ ಅವರಲ್ಲಿ ಉಂಟಂತೆ. ನನ್ನ ಕಳ್ಳತನ ಅವರಿಗೆ ಭಕ್ತಿಯಾಗಿ ಕಂಡಿತು. "ಯಾರ್ ಕಿಟ್ಟೆಯುಂ ಸೊಲ್ಲ ಮಾಟ್ಟೇನ್ ಸಾರ್. ಸಾಮಿ ಸತ್ಯಂ" ಎಂದರು. ಯಾರಿಗೂ ಹೇಳುವುದಿಲ್ಲ, ದೇವರಾಣೆ.

ಪೆಟ್ಟಿಗೆ ಬರುವವರೆಗೆ ನನಗೆ ನಿದ್ದೆಯಿಲ್ಲ, ಊಟ ಸೇರುತ್ತಿರಲಿಲ್ಲ. ಪ್ರವೀಣನಿಗೆ ಫೋನ್ ಮಾಡಿ ಬೇಡವೆಂದು ಹೇಳಲು ಎಷ್ಟೋ ಸಲ ನಂಬರು ಒತ್ತಿದೆ. ಹಾಗೇ ಇಟ್ಟೆ. ಹೇಗೂ ಸೆಲ್ವಂ ಪೆಟ್ಟಿಗೆಯನ್ನು ತೆರೆಯದೆ ನನಗೇ ತಂದುಕೊಡುತ್ತಾರೆ. ಕುದುರೆ ದಾರಿಯಲ್ಲಿ ಒಡೆದುಹೋಗಿದೆ ಎಂದು ಹೇಳಿದರಾಯಿತು. ಆಮೇಲೆ ನಿಜವಾಗಿಯೂ ಒಂದು ಕುದುರೆ ಮಾಡಿಸಿಕೊಟ್ಟರಾಯಿತು — ಇಷ್ಟೆಲ್ಲ ಲೆಕ್ಕ ಹಾಕಿದ್ದೆ. ಈ ನಡುವೆ ಅವರು ಗುಡಿಯ ಮುಂದಿನ ಕಟ್ಟೆಯನ್ನು ತೊಳೆದು, ಸುಣ್ಣ ಬಳಿದು, ಫೋಟೋ ತೆಗೆದು ಕಳಿಸಿದರು. ಕುದುರೆ ನಿಲ್ಲುವ ಜಾಗ. ನಾನು ಅದಕ್ಕೆ ಕೈಮುಗಿದ ಚಿತ್ರವೊಂದನ್ನು ಉತ್ತರವಾಗಿ ಕಳಿಸಿದೆ.

ಬಂದರಿನಲ್ಲಿ ಕಸ್ಟಮ್ಸ್‌ನವರು ಪೆಟ್ಟಿಗೆಯನ್ನು ತೆರೆದರು.

ಸೆಲ್ವಂ ಅವರನ್ನು ಕರೆಸಿ ಕೂರಿಸಿಕೊಂಡರು. ಏನು ಇದು ಎಂದರೆ, ದೇವಸ್ಥಾನದ ಕುದುರೆ ಎಂದರಂತೆ. ಮೇಜಿನ ಮೇಲೆ ನಳಿಗೆ ಇಟ್ಟು, ಇದು ಕುದುರೆಯಾ ಎಂದರೆ, ಅಲ್ಲ, ಪೆಟ್ಟಿಗೆ ಅದಲುಬದಲಾಗಿದೆ, ನಮ್ಮ ಕುದುರೆ ಬೇರೆ ಎಲ್ಲೋ ಇದೆ, ಹುಡುಕಿಸಿ ಎಂದರಂತೆ. ಯಾರು ತರಿಸಿದ್ದು ಎಂದರೆ — ಭಕ್ತರೊಬ್ಬರು, ಹೆಸರು ಹೇಳುವಂತಿಲ್ಲ. ಎಷ್ಟು ಕೇಳಿದರೂ ಅಷ್ಟೇ. ದಿನಗಟ್ಟಲೆ ಠಾಣೆಗೂ ಬಂದರಿಗೂ ಅಲೆದಾಡಿಸಿದರು. ಕೊನೆಗೆ ಅವರ ಮೇಲೆ ಏನೂ ಸಾಬೀತಾಗದೆ ಬಿಟ್ಟರು. ಆದರೆ ಬಂದರಿನೊಳಗೆ ಹೋಗುವ ಪಾಸು ಹೋಯಿತು. ಪಾಸಿಲ್ಲದ ಗುಮಾಸ್ತ ಕಂಪನಿಗೆ ಬೇಡವಾಯಿತು.

ಇದೆಲ್ಲ ನನಗೆ ಗೊತ್ತಾದದ್ದು ಅವರ ಹೆಂಡತಿ ಸುಮನಳ ಮುಂದೆ ಅತ್ತಾಗ. "ಹೋಗಿ ಒಂದ್ಸಲ ಮಾತಾಡಿಸ್ಕೊಂಡು ಬರಬಾರ್ದೇನ್ರೀ? ನಮಗೆ ಅಷ್ಟು ಮಾಡಿದ್ರು" ಎಂದಳು ಸುಮನ. ಸೋಂಕು ಇನ್ನೂ ಇದೆ, ಯಾರ ಮನೆಗೂ ಹೋಗಬಾರದು ಎಂದೆ. ಲಿಫ್ಟಿನಲ್ಲಿ ಸಿಕ್ಕಾರೆಂದು ಮೆಟ್ಟಿಲಲ್ಲಿ ಓಡಾಡತೊಡಗಿದೆ. ಬಾಗಿಲು ತಟ್ಟಿದ ಸದ್ದಾದರೆ ಪೊಲೀಸರೇ ಎಂದು ಬೆವರುತ್ತಿದ್ದೆ. ಅವರು ನನ್ನ ಹೆಸರು ಹೇಳಿಬಿಟ್ಟರೆ ಎಂಬ ಭಯ ಒಂದು ಕಡೆ. ಹೇಳದೇ ಇದ್ದಾರಲ್ಲ, ಯಾಕೆ ಹೇಳದೇ ಇದ್ದಾರೆ, ಎಂಬ ಸಿಟ್ಟು ಇನ್ನೊಂದು ಕಡೆ. ಹೌದು, ಸಿಟ್ಟು. ಅವರು ಬೈದು ಹೋಗಿದ್ದರೆ ನನಗೆ ಉಸಿರಾಡಲು ಆಗುತ್ತಿತ್ತು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಸುಮನ ಫೋನಿನಲ್ಲಿ ನಾಸಿ ಲೆಮಾಕ್ ಎಂಬ ಇಲ್ಲಿಯ ತೆಂಗಿನಹಾಲಿನ ಅನ್ನ ತರಿಸಿದ್ದಳು. ಕರೆಗಂಟೆ ಕೇಳಿಸಿತು, ನಾನು ಬಾಗಿಲು ತೆರೆದೆ. ಹೆಲ್ಮೆಟ್ಟು, ಮಾಸ್ಕು, ಹೆಗಲಲ್ಲಿ ಊಟ ಸಾಗಿಸುವ ದೊಡ್ಡ ಚೀಲ. ಕಣ್ಣು ನೋಡಿ ಗುರುತಾಯಿತು. ಸೆಲ್ವಂ! ಯಾವ ಬಾಗಿಲಿಗೆ ಪುಕ್ಕಟೆಯಾಗಿ ಪೊಟ್ಟಣ ತೂಗುಹಾಕಿ ಹೋಗುತ್ತಿದ್ದರೋ ಅದೇ ಬಾಗಿಲಿಗೆ ಈಗ ಹೊಟ್ಟೆಪಾಡಿಗೆ ಊಟ ಹೊತ್ತು ತಂದಿದ್ದರು. ಈ ಸಲ ಮಕಾನ್ ಎಂದು ಕೂಗಲಿಲ್ಲ.

"ಸಾರಿ ಸಾರ್" ಎಂದರು. ನನಗೆ ಅರ್ಥವಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದರು: "ಉಂಗ ಕುದಿರೈ... ನಾನ್ ತೊಲಚ್ಚಿಟ್ಟೇನ್. ಎವನೋ ಬಾಕ್ಸ್ ಮಾತ್ತಿಟ್ಟಾನ್ ಸಾರ್. ಉಂಗ ಪೇರ್ ಸೊಲ್ಲವೇ ಇಲ್ಲೆ."

ನಿಮ್ಮ ಕುದುರೆಯನ್ನು ನಾನು ಕಳೆದುಬಿಟ್ಟೆ. ಯಾರೋ ಪೆಟ್ಟಿಗೆ ಬದಲಾಯಿಸಿದರು. ನಿಮ್ಮ ಹೆಸರು ಹೇಳಲೇ ಇಲ್ಲ. — ಅವರು ನನ್ನ ಬಾಗಿಲಲ್ಲಿ ನಿಂತು ನನ್ನ ಕ್ಷಮೆ ಕೇಳುತ್ತಿದ್ದರು.

ಆ ಗಳಿಗೆಯಲ್ಲೂ ನನ್ನ ಮುಂದೆ ಎರಡು ದಾರಿ ಇದ್ದವು. ಬಾಯಿ ತೆರೆದೆ. ಬಂದದ್ದು ಇಷ್ಟು:

"ಪರವಾಗಿಲ್ಲ ಸೆಲ್ವಂ."

ಅವರನ್ನು ನಾನು ಕ್ಷಮಿಸಿದೆ! ದೊಡ್ಡ ಮನುಷ್ಯನಂತೆ, ಹೆಗಲು ತಟ್ಟಿ. ಅವರು ಕಣ್ಣೊರೆಸಿಕೊಂಡು, ಚೀಲ ಏರಿಸಿಕೊಂಡು ಹೋದರು. ಪೆಟ್ಟಿಗೆ ತರಿಸಿದ್ದಕ್ಕಿಂತ, ಲಿಫ್ಟಿನ ಮುಂದೆ ಆಮಾ ಎಂದದ್ದಕ್ಕಿಂತ, ಈ ಪರವಾಗಿಲ್ಲವೇ ನನ್ನನ್ನು ತಿನ್ನುತ್ತಿರುವುದು. ಆವತ್ತಿನ ಊಟವನ್ನು ನಾನು ಮುಟ್ಟಲಿಲ್ಲ. ಆದರೆ ಅವರ ಹಿಂದೆ ಓಡಲೂ ಇಲ್ಲ.

ಕೋವಿ ಮುಗಿಯಲಿಲ್ಲ. ಉಜ್ಜಿ ಉಜ್ಜಿ ಕನ್ನಡಿಯಂತೆ ನುಣುಪಾದ ಆ ಹಿಡಿಯೊಂದು ಉಳಿಯಿತು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬೀರುವಿನ ಮೇಲೆ ಹಾಕಿದ್ದೇನೆ. ಅಣ್ಣ ಮತ್ತೆ ಹಬ್ಬಕ್ಕೆ ಕರೆ ಮಾಡಿದಾಗ ಸೌಟನ್ನೇ ತೋರಿಸಿ ಎಲ್ಲರನ್ನೂ ನಗಿಸಿದೆ. ಮರ, ತಿರುಪು, ಉಕ್ಕು ಎಲ್ಲವನ್ನೂ ತಟ್ಟಿ ಬಡಿದು ಪರೀಕ್ಷಿಸಿದವನು ನಾನು. ಜಗ್ಗುತ್ತಿದ್ದದ್ದು ಮನೆಯ ಕೋವಿಯ ಕುದುರೆಯಲ್ಲ, ನನ್ನ ಕೈಯೇ ಎಂದು ಈಗ ಗೊತ್ತಾಗಿದೆ.

ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಮೊನ್ನೆ ಸೆಲ್ವಂ ಮನೆಗೆ ಬಂದಿದ್ದರು. ಈಗಲೂ ಬೈಕಿನಲ್ಲಿ ಊಟ ಸಾಗಿಸುತ್ತಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು. ಬಿಡುವಾದಾಗಲೆಲ್ಲ ಗುಡಿಗೆ ಹೋಗಿ, ಕಂಬಿ ಬಗ್ಗಿಸಿ, ಸಿಮೆಂಟು ಮೆತ್ತಿ, ತನ್ನ ಕೈಯಾರೆ ಒಂದು ಕುದುರೆ ಮಾಡಿದ್ದಾರಂತೆ. ಕಳೆದುಹೋದ ನನ್ನ ಕುದುರೆಯ ಬದಲಿಗೆ. ಇದು ತನ್ನದಲ್ಲ, ನನ್ನ ಹರಕೆಯೆಂದು ದೇವರಿಗೆ ಹೇಳಿದ್ದಾರಂತೆ. ಬಣ್ಣವೆಲ್ಲ ಆಗಿದೆ, ಕಣ್ಣು ಮಾತ್ರ ಬಾಕಿ. ಕಣ್ಣು ಬರೆದ ಮೇಲೆಯೇ ಅದಕ್ಕೆ ಜೀವ ಬರುವುದು, ಆಮೇಲೆ ದೇವರು ಹತ್ತುತ್ತಾನೆ. ಬರುವ ಶುಕ್ರವಾರ ಪೂಜೆ. "ಕಣ್ಣ್ ನೀಂಗ ದಾನ್ ತೆರಕ್ಕಣುಂ ಸಾರ್" ಎಂದರು. ಕಣ್ಣನ್ನು ನೀವೇ ತೆರೆಯಿಸಬೇಕು.

ಅವರು ಹೋದ ಮೇಲೆ ಸುಮನ, "ಎಷ್ಟು ಒಳ್ಳೆಯವರು ಅಲ್ವಾ, ಯಾಕ್ರೀ ನಿಮ್ಮ ಮುಖ ಹಿಂಗಾಯ್ತು?" ಎಂದಳು. ನಾನು ಬಾಲ್ಕನಿಗೆ ಹೋದೆ. ಅಲ್ಲಿಂದ ಅಡುಗೆಮನೆಗೆ. ಅಲ್ಲಿಂದ ಇಲ್ಲಿಗೆ, ಈ ಮೇಜಿಗೆ.

ಸೆಲ್ವಂ, ಇದನ್ನು ನಾನು ನಿಮಗೆ ಓದಲು ಬಾರದ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಇದೂ ಒಂದು ಹೇಡಿತನವೇ, ಗೊತ್ತು. ಆದ್ದರಿಂದ ಬರೆದದ್ದರಿಂದ ಏನೂ ಮುಗಿಯುವುದಿಲ್ಲ. ಇವತ್ತು ಸುಮನಳಿಗೆ ಹೇಳುತ್ತೇನೆ. ಶುಕ್ರವಾರ ಬರುತ್ತೇನೆ, ಬೀರುವಿನ ಮೇಲಿನ ಗಂಟನ್ನು ತೆಗೆದುಕೊಂಡು ಬರುತ್ತೇನೆ. ಕುಂಚ ನನ್ನ ಕೈಗೆ ಕೊಡಬೇಡಿ. ಕಣ್ಣು ಬರೆಯುವ ಮೊದಲೇ, ನಿಮ್ಮವರೆಲ್ಲರ ಎದುರಿಗೆ, ಗಂಟು ಬಿಚ್ಚಿ ತೋರಿಸಿ ಹೇಳುತ್ತೇನೆ. ಆಮೇಲೆ ನೀವು ಠಾಣೆಗೆ ಕರೆದರೆ ಠಾಣೆಗೆ, ಬಂದರಿಗೆ ಕರೆದರೆ ಬಂದರಿಗೆ ಬಂದು, ನನ್ನ ಹೆಸರನ್ನು ನಾನೇ ಹೇಳುತ್ತೇನೆ. ನೀವು ಪರವಾಗಿಲ್ಲ ಎನ್ನಬೇಡಿ.

ತಪ್ಪು ಕೇಳಿಸಬಾರದೆಂದು ನಿಮ್ಮ ಭಾಷೆಯ ಮಾತನ್ನು ಕಲಿತಿದ್ದೇನೆ. ಬೆಳಗ್ಗೆಯಿಂದ ಕನ್ನಡಿಯ ಮುಂದೆ ನಿಂತು, ಮಾಸ್ಕಿಲ್ಲದ ಬಾಯಿಂದ, ಹೇಳಿ ಹೇಳಿ ನೋಡುತ್ತಿದ್ದೇನೆ: ಕೋವಿಲ್ ಇಲ್ಲೆ, ಸೆಲ್ವಂ. ತುಪ್ಪಾಕಿ. ಎನ್ನೋಡ ತುಪ್ಪಾಕಿ. ದೇವಸ್ಥಾನದ್ದಲ್ಲ ಅದು, ಬಂದೂಕಿನದು. ನನ್ನ ಬಂದೂಕಿನದು.